ಒಂದು ಸೆಲ್ ಮಾತ್ರ ಕೆಂಪಾಗುತ್ತಿದೆ, ಇಡೀ ಸಾಲಿಗೆ ಬಣ್ಣ ಬರಲು ಏನು ಮಾಡಬೇಕು?

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಇಟ್ಟಿರುವ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಲೆಕ್ಕದಲ್ಲಿ ‘ಬಾಕಿ’ ಇರುವ ಮನೆಯ ಸಾಲು ಪೂರ್ತಿ ಕೆಂಪಾಗಬೇಕು, ಆದರೆ ಫ್ಲಾಟ್ ನಂಬರ್ ಇರುವ ಸೆಲ್ ಮಾತ್ರ ಆಗುತ್ತಿದೆ ಅಂತ ಕೇಳಿದ್ದೀರಿ. ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ (ಷರತ್ತು ಹೊಂದಿದರೆ ಸೆಲ್‌ಗೆ ತಾನೇ ಬಣ್ಣ ಬರುವ ರೂಲ್) ನೀವು ಕೊಟ್ಟಿರುವ ಫಾರ್ಮುಲಾ =ಇ2="ಬಾಕಿ". ಅದರಲ್ಲಿ ಒಂದು ಡಾಲರ್ ಚಿಹ್ನೆ ಬಿಟ್ಟುಹೋಗಿದೆ, ಅಷ್ಟೇ. =$ಇ2="ಬಾಕಿ" ಅಂತ ಮಾಡಿ. (ಕಾಲಂ ಅಕ್ಷರ, ಫಂಕ್ಷನ್ ಹೆಸರು ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ, ಇಲ್ಲಿ ಓದಲು ಕನ್ನಡದಲ್ಲಿ ಬರೆದಿದ್ದೇನೆ.)

ಯಾಕೆ ಹೀಗೆ? ನೀವು ಬರೆಯುವ ಫಾರ್ಮುಲಾ ಆಯ್ಕೆ ಮಾಡಿದ ಜಾಗದ ಮೊದಲ ಸೆಲ್‌ಗೆ ಸೇರಿದ್ದು. ಉಳಿದ ಸೆಲ್‌ಗಳಿಗೆ ಅದು ತಾನೇ ಸರಿಯುತ್ತಾ ಹೋಗುತ್ತದೆ. ಡಾಲರ್ ಇಲ್ಲದಿದ್ದರೆ ಎ2 ಸೆಲ್ ಇ2 ನೋಡುತ್ತದೆ, ಬಿ2 ಪಕ್ಕದ ಎಫ್2 ನೋಡುತ್ತದೆ. ಅಲ್ಲಿ ಏನೂ ಇಲ್ಲ, ಅದಕ್ಕೇ ಬಣ್ಣವೂ ಇಲ್ಲ. ಅಕ್ಷರದ ಮುಂದೆ ಡಾಲರ್ ಹಾಕಿದರೆ ಎಲ್ಲವೂ ಇ ಕಾಲಂ ಅನ್ನೇ ನೋಡುತ್ತವೆ. ಆದರೆ 2ರ ಮುಂದೆ ಡಾಲರ್ ಹಾಕಬೇಡಿ, ಹಾಕಿದರೆ ಮೊದಲ ಮನೆಯವರು ಕಟ್ಟದಿದ್ದಕ್ಕೆ ಇಡೀ ಬಿಲ್ಡಿಂಗ್ ಕೆಂಪಾಗುತ್ತದೆ.

ಆಯ್ಕೆ ಕೂಡ ಎರಡನೇ ಸಾಲಿನಿಂದಲೇ ಶುರುವಾಗಲಿ. ನಮ್ಮ ಬಿಲ್ಡಿಂಗಿನ ಲೆಕ್ಕ ನಾನೇ ನೋಡುವುದು. ಒಮ್ಮೆ ತಲೆಬರಹವನ್ನೂ ಸೇರಿಸಿ ಆಯ್ಕೆ ಮಾಡಿ, ಫಾರ್ಮುಲಾದಲ್ಲಿ ಮಾತ್ರ 2 ಹಾಕಿದ್ದೆ. ಬಣ್ಣ ಒಂದು ಸಾಲು ಮೇಲಕ್ಕೆ ಸರಿದಿತ್ತು. ನೋಡದೆ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ಒಂದನೇ ತಾರೀಕಿಗೇ ದುಡ್ಡು ಕಟ್ಟಿದ್ದ ಅಂಕಲ್ ರಸೀದಿ ಹಿಡಿದು ಬಾಗಿಲಿಗೇ ಬಂದರು!

ಕೊನೆಯ ದಿನ ದಾಟಿದವರು ಮಾತ್ರ ಕೆಂಪಾಗಲಿ ಅಂದರೆ, ದಿನಾಂಕ ಡಿ ಕಾಲಂನಲ್ಲಿದೆ ಅಂದುಕೊಳ್ಳಿ: =ಆಂಡ್($ಇ2="ಬಾಕಿ",$ಡಿ2<ಟುಡೇ()). ಆಂಡ್ ಅಂದರೆ ಎರಡೂ ಷರತ್ತು ಹೊಂದಬೇಕು, ಟುಡೇ ಅಂದರೆ ಇವತ್ತಿನ ದಿನಾಂಕ. ಸುಮ್ನೆ =$ಡಿ2<ಟುಡೇ() ಅಂತ ಬರೆದರೆ ಕೆಳಗಿನ ಖಾಲಿ ಸಾಲುಗಳೂ ಕೆಂಪಾಗುತ್ತವೆ. ಎಕ್ಸೆಲ್‌ಗೆ ಖಾಲಿ ಸೆಲ್ ಅಂದರೆ ಸೊನ್ನೆ, ಸೊನ್ನೆ ಯಾವತ್ತೂ ಇವತ್ತಿಗಿಂತ ಹಿಂದೆಯೇ ಅಲ್ವಾ?

ಇಷ್ಟಾದರೂ ಬಣ್ಣ ಬರದಿದ್ದರೆ ದಿನಾಂಕಗಳನ್ನು ನೋಡಿ. ಅಲೈನ್‌ಮೆಂಟ್ ನೀವು ಬದಲಿಸಿಲ್ಲದಿದ್ದರೆ ನಿಜವಾದ ದಿನಾಂಕ ಸೆಲ್‌ನ ಬಲಕ್ಕೆ ಕೂರುತ್ತದೆ. ಎಡಕ್ಕೆ ಕೂತಿದ್ದರೆ ಅದು ಬರೀ ಅಕ್ಷರ. ಅಮೆರಿಕದ ಸೆಟ್ಟಿಂಗ್ ಇದ್ದಾಗ 25/07/2024 ಅಂತ ಹಾಕಿದರೆ 25ನೇ ತಿಂಗಳು ಎಲ್ಲಿಂದ ಬರಬೇಕು? ಗೂಗಲ್ ಶೀಟ್ಸ್ ಆದರೆ ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನು ಇಂಡಿಯಾ ಮಾಡಿ, ಆ ದಿನಾಂಕಗಳನ್ನು ಮತ್ತೆ ಟೈಪ್ ಮಾಡಿ. ‘ಬಾಕಿ’ ಆದಮೇಲೆ ಒಂದು ಸ್ಪೇಸ್ ಉಳಿದಿದ್ದರೂ ಹೊಂದುವುದಿಲ್ಲ. ಹಾಗಾಗಿ ಆ ಕಾಲಂಗೆ ಡ್ರಾಪ್‌ಡೌನ್ ಇಡುವುದು ಒಳ್ಳೆಯದು.

ಒಂದು ಮಾತು ಮರೆತಿದ್ದೆ. ಎಕ್ಸೆಲ್‌ನಲ್ಲಿ ಸಾಲುಗಳನ್ನು ಕಾಪಿ ಪೇಸ್ಟ್ ಮಾಡುತ್ತಾ ಹೋದರೆ ರೂಲ್‌ಗಳು ಚೂರುಚೂರಾಗಿ ಹತ್ತಾರು ಆಗುತ್ತವೆ. ಕಂಡಿಷನಲ್ ಫಾರ್ಮ್ಯಾಟಿಂಗ್ ಮೆನುವಿನಲ್ಲಿ ಮ್ಯಾನೇಜ್ ರೂಲ್ಸ್ ತೆರೆದು ‘ದಿಸ್ ವರ್ಕ್‌ಶೀಟ್’ ಆರಿಸಿ ನೋಡಿ, ಜಾಸ್ತಿ ಇದ್ದರೆ ಎಲ್ಲ ಅಳಿಸಿ ಒಂದೇ ರೂಲ್ ಮತ್ತೆ ಹಾಕಿ. ಮುಂದೆ ಪೇಸ್ಟ್ ಮಾಡುವಾಗ ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡಿ.