ಒಳಗೆ ತಂದ ಬೋನ್ಸಾಯ್ ಎಲೆ ಉದುರಿಸುತ್ತಿದ್ದರೆ ಮೊದಲು ನೀರಿನ ಕ್ಯಾನ್ ಕೆಳಗಿಡಿ

ಚಳಿ ಶುರುವಾಗುತ್ತಿದ್ದಂತೆ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಪ್ರತಿ ವರ್ಷ ಉತ್ತರ ಹೇಳುತ್ತೇನೆ. ಪ್ರತಿ ವರ್ಷ ಅದೇ ತಪ್ಪಿಗೆ ಒಳ್ಳೊಳ್ಳೆ ಗಿಡಗಳು ಸಾಯುತ್ತವೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಕುಂಡಕ್ಕೆ ತೂತು ಯಾಕಿರಬೇಕು, ಮಣ್ಣು ಹೇಗಿರಬೇಕು ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ಬೋನ್ಸಾಯ್ ಸಾಕುವವರಿಗೆ ಅಷ್ಟಾದರೂ ಗೊತ್ತಿರಬೇಕು.

ಪ್ರಶ್ನೆ: ಬೇಸಿಗೆಯಿಡೀ ಹೊರಗೆ ಚೆನ್ನಾಗಿದ್ದ ಫೈಕಸ್ (ಆಲ, ಅತ್ತಿಯ ಜಾತಿಯ ಉಷ್ಣವಲಯದ ಮರ) ಬೋನ್ಸಾಯನ್ನು ಚಳಿ ಎಂದು ಒಳಗೆ ತಂದೆ. ಸ್ವಲ್ಪ ದಿನಕ್ಕೇ ಎಲೆ ಹಳದಿಯಾಗಿ ಉದುರತೊಡಗಿತು. ದಿನಾ ನೀರು ಹಾಕುತ್ತಿದ್ದೇನೆ, ಗೊಬ್ಬರವನ್ನೂ ಕೊಟ್ಟೆ. ಆದರೂ ಉದುರುವುದು ನಿಂತಿಲ್ಲ. ಗಿಡ ಸಾಯುತ್ತಿದೆಯಾ?

ಇಲ್ಲ. ಆದರೆ ಹೀಗೇ ನೀರು ಹಾಕುತ್ತಾ ಹೋದರೆ ಖಂಡಿತ ಸಾಯುತ್ತದೆ.

ಎಲೆ ಉದುರುತ್ತಿರುವುದು ಬಾಯಾರಿಕೆಯಿಂದಲ್ಲ, ಬೆಳಕು ಕಡಿಮೆಯಾಗಿದ್ದರಿಂದ. ನಿಮಗೆ ಕೋಣೆ ಬೆಳಕಾಗಿಯೇ ಕಾಣುತ್ತದೆ, ಯಾಕೆಂದರೆ ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ. ಗಿಡಕ್ಕೆ ಆ ಅನುಕೂಲ ಇಲ್ಲ. ಹೊರಗೆ ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ (ಬೆಳಕಿನ ಅಳತೆ) ಬೆಳಕು ಇರುತ್ತದೆ. ಒಳ್ಳೆಯ ಕಿಟಕಿಯ ಪಕ್ಕದಲ್ಲಿ ಕೆಲವು ಸಾವಿರ. ಅಲ್ಲಿಂದ ಎರಡು ಮೀಟರ್ ಒಳಗೆ, ಅಂದರೆ ನೀವು ಚೆಂದ ಕಾಣಲಿ ಎಂದು ಗಿಡ ಇಟ್ಟಿರುವ ಟೇಬಲ್ಲಿನ ಮೇಲೆ, ಕೆಲವು ನೂರು ಮಾತ್ರ. ನಂಬಿಕೆ ಬರದಿದ್ದರೆ ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ನೋಡಿ. ಅಳತೆ ಅಷ್ಟು ಕರಾರುವಾಕ್ ಇರುವುದಿಲ್ಲ, ಆದರೆ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಲು ಸಾಕು.

ಬಿಸಿಲಲ್ಲಿ ಬೆಳೆದ ಎಲೆ ದಪ್ಪ. ಅದನ್ನು ಸಾಕಲು ಗಿಡಕ್ಕೆ ಖರ್ಚೂ ಜಾಸ್ತಿ. ಮಂದ ಬೆಳಕಿನಲ್ಲಿ ಆ ಎಲೆ ತಯಾರಿಸುವ ಆಹಾರಕ್ಕಿಂತ ತಾನೇ ತಿನ್ನುವುದು ಹೆಚ್ಚಾಗುತ್ತದೆ. ಆಗ ಗಿಡ ಅದರಲ್ಲಿರುವ ಸತ್ವವನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಕಡಿದು ಬಿಡುತ್ತದೆ. ಇದು ರೋಗವಲ್ಲ, ಹೊಸ ಜಾಗಕ್ಕೆ ಒಗ್ಗಿಕೊಳ್ಳುವ ಕ್ರಮ. ಕೆಲವು ವಾರಗಳಲ್ಲಿ ತೆಳುವಾದ, ಸ್ವಲ್ಪ ದೊಡ್ಡದಾದ ಹೊಸ ಎಲೆ ಬರುತ್ತದೆ. ಆ ಎಲೆಗೆ ಕಡಿಮೆ ಬೆಳಕು ಸಾಲುತ್ತದೆ. ಫೈಕಸ್‌ಗಳಲ್ಲಿ ಬೆಂಜಮಿನಾ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಸೆರಿಸ್ಸಾ ಎಂಬ ಇನ್ನೊಂದು ಬೋನ್ಸಾಯ್ ಗಿಡ ಕೂಡ ಹಾಗೇ, ಜಾಗ ಬದಲಿಸಿದರೆ ಸಾಕು, ಎಲೆ ಉದುರಿಸುತ್ತದೆ.

ಈಗ ನೀರಿನ ವಿಷಯ. ಅರ್ಧ ಎಲೆ ಹೋದ ಗಿಡ ಮೊದಲಿನಷ್ಟು ನೀರು ಕುಡಿಯಲಾರದು. ಬೆಳಕೂ ಇಲ್ಲ, ಗಾಳಿಯೂ ಇಲ್ಲ. ನೀವು ಹಾಕಿದ ನೀರು ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದೆ ಎಲೆ ಬಾಡುತ್ತದೆ. ಬಾಡಿದ್ದನ್ನು ನೋಡಿ ನೀವು ಮತ್ತೆ ನೀರು ಹಾಕುತ್ತೀರಿ. ಚಳಿಗಾಲದಲ್ಲಿ ಮನೆಯೊಳಗೆ ಸಾಯುವ ಬೋನ್ಸಾಯ್‌ಗಳ ಕತೆ ಹೆಚ್ಚಾಗಿ ಇಷ್ಟೇ. ಗೊಬ್ಬರವೂ ಹಾಗೆಯೇ. ಒಲೆಯೇ ಹೊತ್ತಿಲ್ಲದ ಮನೆಗೆ ದಿನಸಿ ತಂದು ಸುರಿದರೆ ಏನು ಉಪಯೋಗ? ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಮುಟ್ಟಲೇಬೇಡಿ.

ಬೇರಿನ ಸ್ಥಿತಿ ತಿಳಿಯಲು ಕುಂಡ ಎತ್ತಿ ಅಡಿಯ ತೂತಿನ ಹತ್ತಿರ ಮೂಗು ಹಿಡಿಯಿರಿ. ಹುಳಿ ವಾಸನೆ ಬಂದರೆ ಕೊಳೆತ ಶುರುವಾಗಿದೆ. ಒಂದು ತೆಳು ಬೇರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಕಪ್ಪು ಸಿಪ್ಪೆ ಕಳಚಿಕೊಂಡು ಒಳಗಿನ ನಾರು ಮಾತ್ರ ಉಳಿದರೆ ಆ ಬೇರು ಸತ್ತಿದೆ. ರೆಂಬೆಯ ತೊಗಟೆಯನ್ನು ಉಗುರಿನಿಂದ ಚೂರು ಕೆರೆದು ನೋಡಿ. ಅಡಿಯಲ್ಲಿ ಒದ್ದೆ ಹಸಿರು ಕಂಡರೆ ರೆಂಬೆ ಜೀವಂತ. ಎಲೆ ಒಂದೂ ಇಲ್ಲದಿದ್ದರೂ ಗಿಡವನ್ನು ಎಸೆಯಬೇಡಿ.

ಹಾಗಾದರೆ ಮಾಡಬೇಕಾದ್ದೇನು? ಗಿಡವನ್ನು ಮನೆಯಲ್ಲಿ ಅತಿ ಹೆಚ್ಚು ಬಿಸಿಲು ಬರುವ ಕಿಟಕಿಗೆ ತನ್ನಿ. ಎಲೆ ಮಾತ್ರ ತಣ್ಣನೆಯ ಗಾಜಿಗೆ ತಾಗಬಾರದು. ಕಿಟಕಿಯಲ್ಲಿ ಬೆಳಕು ಸಾಲದಿದ್ದರೆ ಎಲ್‌ಇಡಿ ಗ್ರೋ ಲೈಟ್ (ಗಿಡಗಳಿಗೆಂದೇ ಇರುವ ದೀಪ) ಹಾಕಿ. ಗಿಡದ ನೆತ್ತಿಯಿಂದ 15ರಿಂದ 30 ಸೆಂಟಿಮೀಟರ್ ಮೇಲೆ, ದಿನಕ್ಕೆ 12ರಿಂದ 14 ಗಂಟೆ. ರಾತ್ರಿ ಆರಿಸಿ, ಅದಕ್ಕೂ ಕತ್ತಲು ಬೇಕು. ನೀರಿಗೆ ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಒಂದು ಚಾಪ್‌ಸ್ಟಿಕ್ ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒದ್ದೆಯಾಗಿ ಕಪ್ಪಾಗಿದ್ದರೆ ಇವತ್ತು ನೀರು ಬೇಡ. ತೇವ ಬರೀ ಗುರುತಿನಷ್ಟಿದ್ದರೆ ಹಾಕಿ, ಆದರೆ ಅಡಿಯ ತೂತಿನಿಂದ ಹರಿದು ಬರುವಷ್ಟು ಹಾಕಿ. ಮೇಲಿಂದ ಒಂದೊಂದು ಗುಟುಕು ಕುಡಿಸುವುದರಿಂದ ಏನೂ ಪ್ರಯೋಜನವಿಲ್ಲ. ಹೀಟರ್ ಇರುವ ಕೋಣೆಯಲ್ಲಿ ಆಳವಿಲ್ಲದ ಕುಂಡ ಬೇಗ ಒಣಗುವುದೂ ಉಂಟು. ಅದಕ್ಕೇ ದಿನಾ ನೋಡಿ ಎನ್ನುತ್ತೇನೆ, ದಿನಾ ಹಾಕಿ ಎನ್ನುವುದಿಲ್ಲ.

ಆಮೇಲೆ ಸುಮ್ನೆ ಬಿಡಿ. ಇವತ್ತು ಈ ಕಿಟಕಿ, ನಾಳೆ ಆ ಕಿಟಕಿ ಎಂದು ಹೊತ್ತು ತಿರುಗಬೇಡಿ.

ಪ್ರಶ್ನೆ: ಯಾವಾಗ ಒಳಗೆ ತರಬೇಕು?

ರಾತ್ರಿಯ ಉಷ್ಣಾಂಶ ಸತತವಾಗಿ 12–13 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯತೊಡಗಿದಾಗ. ಇಬ್ಬನಿ ಮಂಜುಗಟ್ಟುವವರೆಗೆ ಕಾಯುವುದು ಧೈರ್ಯವಲ್ಲ, ಗಿಡಕ್ಕೆ ಮಾಡುವ ಅನ್ಯಾಯ. ಕಾರ್ಮೋನಾ ಎಂಬ ಉಷ್ಣವಲಯದ ಗಿಡ ಇದ್ದರೆ ಇನ್ನೂ ಬೇಗ ತನ್ನಿ. ಮನೆಯಲ್ಲಿ ಹೀಟರ್ ಶುರುವಾಗುವ ಮೊದಲೇ ಗಿಡ ಒಳಗಿದ್ದರೆ ಒಣ ಗಾಳಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಜುನಿಪರ್ ಮತ್ತು ಮೇಪಲ್ ಬೋನ್ಸಾಯನ್ನೂ ಒಳಗೆ ತರಲಾ ಸರ್?

ಬೇಡ, ಅವು ಚಳಿ ನಾಡಿನ ಮರಗಳು, ಅವಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು. "ಒಳಾಂಗಣ ಬೋನ್ಸಾಯ್" ಎಂದು ಚೀಟಿ ಅಂಟಿಸಿ ಜುನಿಪರ್ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಕೊಂಡವರಿಗೆ ಗೊತ್ತಾಗುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ತೇವಾಂಶಕ್ಕೆಂದು ದಿನಕ್ಕೆ ನಾಲ್ಕು ಸಲ ಎಲೆಗೆ ನೀರು ಚಿಮುಕಿಸುತ್ತೇನೆ, ಸಾಕಾ?

ಆ ತೇವ ಸ್ವಲ್ಪ ಹೊತ್ತಿಗೇ ಆರಿ ಹೋಗುತ್ತದೆ. ನಿಜವಾಗಿ ತೇವಾಂಶ ಬೇಕಿದ್ದರೆ ಹ್ಯೂಮಿಡಿಫೈಯರ್ ಇಡಿ, ಇಲ್ಲವೇ ಹೀಟರ್‌ನಿಂದ ಗಿಡವನ್ನು ದೂರ ಸರಿಸಿ.

ಪ್ರಶ್ನೆ: ವಾರಕ್ಕೆ ಮೂರು ಐಸ್ ತುಂಡು ಇಟ್ಟರೆ ನೀರು ಹದವಾಗಿ ಸಿಗುತ್ತದಂತೆ, ಹೌದಾ?

ಉಷ್ಣವಲಯದ ಗಿಡದ ಬೇರಿನ ಮೇಲೆ ಐಸ್! ಬೇಡ.

ಪ್ರಶ್ನೆ: ಒಳಗೆ ತಂದ ಮೇಲೆ ಬಿಳಿ ಹಿಟ್ಟಿನಂಥದ್ದು ಕಾಣಿಸುತ್ತಿದೆ. ಎಲೆಗೆ ಹೊಳಪು ಕೊಡುವ ಸ್ಪ್ರೇ ಹೊಡೆದರೆ ಹೋಗುತ್ತದೆ ಎಂದರು.

ಹಾಗೆಂದವರ ಮಾತು ಇನ್ನು ಕೇಳಬೇಡಿ. ಹೊಳಪಿನ ಸ್ಪ್ರೇ ಎಲೆಯ ಉಸಿರಾಟದ ರಂಧ್ರಗಳನ್ನು ಮುಚ್ಚಬಹುದು. ನಿಮಗೆ ಕಂಡದ್ದು ಹಿಟ್ಟು ತಿಗಣೆ. ಹೊರಗೆ ಅದನ್ನು ತಿನ್ನುವ ಹುಳುಗಳಿದ್ದವು, ಒಳಗೆ ಇಲ್ಲ. ಬೆಚ್ಚಗಿನ ಕೋಣೆಯಲ್ಲಿ ಬಹಳ ಬೇಗ ಹೆಚ್ಚುತ್ತದೆ. ಉಳಿದ ಗಿಡಗಳಿಂದ ಇದನ್ನು ಬೇರೆ ಇಡಿ. ಹತ್ತಿಯನ್ನು ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲಿ ಅದ್ದಿ ತೊಟ್ಟಿನ ಸಂದು, ಎಲೆಯ ಅಡಿ ಒರೆಸಿ. ಆಮೇಲೆ ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿ. ಮುಂದಿನ ವರ್ಷ ಒಳಗೆ ತರುವ ಮೊದಲೇ ಎಲೆಯ ಎರಡೂ ಬದಿ ನೀರಿನಲ್ಲಿ ಚೆನ್ನಾಗಿ ತೊಳೆದು, ಒಂದೊಂದು ರೆಂಬೆಯನ್ನೂ ತಿರುಗಿಸಿ ನೋಡಿ.

ಪ್ರಶ್ನೆ: ಒಳಗೆ ತರುವಾಗಲೇ ಕುಂಡ ಬದಲಿಸಿಬಿಡಲಾ?

ಬೇಡ. ಉಷ್ಣವಲಯದ ಗಿಡದ ಬೇರು ಕತ್ತರಿಸುವುದು ಅದು ಜೋರಾಗಿ ಬೆಳೆಯುವ ಬೇಸಿಗೆಯಲ್ಲಿ.

ಪ್ರಶ್ನೆ: ಮತ್ತೆ ಹೊರಗೆ ಯಾವಾಗ?

ರಾತ್ರಿ 12–13 ಡಿಗ್ರಿಗಿಂತ ಕೆಳಗಿಳಿಯುವುದು ನಿಂತ ಮೇಲೆ. ಮೊದಲ ಒಂದೆರಡು ವಾರ ನೆರಳಿನಲ್ಲೇ ಇಡಿ. ಮನೆಯೊಳಗೆ ಬಂದ ತೆಳು ಎಲೆ ನೇರ ಬಿಸಿಲಿಗೆ ಒಂದೇ ದಿನದಲ್ಲಿ ಸುಟ್ಟು ಹೋಗಬಹುದು.