ಕಡಲೊಳಗಿನ ಸದ್ದು ಕೇಳುವವರು

ಪ್ರಶ್ನೆ: ನಮ್ಮ ಅಣ್ಣನ ಮಗ ನೌಕಾಪಡೆ ಸೇರಿದ್ದಾನೆ. ಸೋನಾರ್ ಕೆಲಸಕ್ಕೆ ಹಾಕಬಹುದು ಅನ್ನುತ್ತಾನೆ. ರಾಡಾರ್ ಇರುವಾಗ ಇದು ಯಾಕೆ? ಈಗ ಎಲ್ಲಾ ಕಂಪ್ಯೂಟರೇ ನೋಡಿಕೊಳ್ಳುತ್ತದೆ ಅಲ್ವಾ, ಮನುಷ್ಯ ಕೂತು ಏನು ಮಾಡಬೇಕು?
– ಓದುಗರೊಬ್ಬರು, ಕಾರವಾರ

ಉತ್ತರ: ರಾಡಾರ್ ವಿಷಯ ಮೊದಲು ಮುಗಿಸಿಬಿಡೋಣ. ಅದು ಬಳಸುವ ರೇಡಿಯೊ ಅಲೆಗಳು ಉಪ್ಪುನೀರಿನಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಸದ್ದು ಹೋಗುತ್ತದೆ, ಅದೂ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ. ಆ ಸದ್ದಿನಿಂದಲೇ ನೀರಿನೊಳಗೆ ಇರುವುದನ್ನು ಪತ್ತೆ ಮಾಡುವ ಸಾಧನ ಸೋನಾರ್. ಹಡಗು ನೀರಿಗೆ ಒಂದು ‘ಪಿಂಗ್’ ಬಿಟ್ಟು, ಅದರ ಮಾರ್ದನಿ 4 ಸೆಕೆಂಡಿಗೆ ವಾಪಸ್ ಬಂತು ಅಂದರೆ ಎದುರಿಗಿರುವುದು 3 ಕಿಲೋಮೀಟರ್ ದೂರದಲ್ಲಿದೆ. ಮಾರ್ದನಿಯ ಸ್ವರ ಸ್ವಲ್ಪ ಏರಿದ್ದರೆ ಅದು ಹತ್ತಿರ ಬರುತ್ತಿದೆ, ಇಳಿದಿದ್ದರೆ ದೂರ ಸರಿಯುತ್ತಿದೆ. ಆದರೆ ಪಿಂಗ್ ಬಿಟ್ಟ ಕೂಡಲೇ ನಾವೆಲ್ಲಿದ್ದೇವೆ ಅನ್ನುವುದು ಶತ್ರುವಿಗೂ ಗೊತ್ತಾಗುತ್ತದೆ. ಅದಕ್ಕೇ ಜಲಾಂತರ್ಗಾಮಿಯವರು ಹೆಚ್ಚಿನ ಹೊತ್ತು ಸದ್ದಿಲ್ಲದೆ ಬರೀ ಕೇಳುತ್ತಾ ಇರುತ್ತಾರೆ.

ಮನುಷ್ಯ ಬೇಕಾಗುವುದು ಇಲ್ಲಿಯೇ. ಕಡಲು ನಾವು ಅಂದುಕೊಂಡಷ್ಟು ಮೌನವಾಗಿಲ್ಲ: ಸಿಗಡಿಗಳು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತವೆ, ತಿಮಿಂಗಿಲ ಕೂಗುತ್ತದೆ, ಮೇಲೆ ಮಳೆ ಹೊಯ್ಯುತ್ತದೆ, ಮೀನುಗಾರರ ಬೋಟುಗಳ ಇಂಜಿನ್ ಗುಡುಗುಡು ಅನ್ನುತ್ತಿರುತ್ತದೆ, ಇದೆಲ್ಲದರ ನಡುವೆ ಒಂದು ಪ್ರೊಪೆಲ್ಲರಿನ ಲಯ ಹಿಡಿದು ಅದರ ಬಡಿತ ಎಣಿಸಿ ಇದು ಎಂಥ ಹಡಗು, ಎಷ್ಟು ವೇಗದಲ್ಲಿದೆ ಅಂತ ಹೇಳಬೇಕು. ಕಂಪ್ಯೂಟರ್ ಪರದೆಯ ಮೇಲೆ ಗೆರೆ ತೋರಿಸುತ್ತದೆ, ನಿಜ. ಅನುಮಾನ ಬಂದಾಗ ತೀರ್ಮಾನ ಮಾಡುವವನು ಹೆಡ್‌ಫೋನ್ ಹಾಕಿ ಕೂತವನೇ.

ನೀರೂ ಮೋಸ ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ನೀರು ಕಾದರೆ, ಸದ್ದು ನೇರ ಹೋಗದೆ ಕೆಳಗಿನ ತಣ್ಣನೆ ನೀರಿನ ಕಡೆ ಬಾಗುತ್ತದೆ. ಬೆಳಗ್ಗೆ ಚೆನ್ನಾಗಿ ಕೇಳಿಸುತ್ತಿದ್ದ ಸೋನಾರ್ ಮಧ್ಯಾಹ್ನ ಅರ್ಧ ಕಿವುಡಾಗುತ್ತದೆ. ನಮ್ಮ ಅರಬ್ಬಿ ಸಮುದ್ರದಂಥ ಬೆಚ್ಚನೆಯ ಕಡಲಿನಲ್ಲಿ ಇದು ದೊಡ್ಡ ತಲೆನೋವು.

ಕೇಳಿಸದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ 1971ರ ಡಿಸೆಂಬರ್ 9ರ ರಾತ್ರಿ ನೆನಪಿಸಿಕೊಳ್ಳಬೇಕು. ದಿಯು ಕರಾವಳಿಯಾಚೆ ನಮ್ಮ ಯುದ್ಧನೌಕೆ ಐಎನ್ಎಸ್ ಖುಕ್ರಿಯನ್ನು ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಮುಳುಗಿಸಿತು. ಹಂಗೋರ್‌ನ ಸೋನಾರಿಗೆ ದೂರದಿಂದಲೇ ನಮ್ಮ ಹಡಗುಗಳು ಕೇಳಿಸುತ್ತಿದ್ದವು, ಖುಕ್ರಿಯ ಹಳೆಯ ಬ್ರಿಟಿಷ್ ಸೋನಾರಿಗೆ ಅಷ್ಟು ದೂರ ಕೇಳಿಸುವ ಶಕ್ತಿ ಇರಲಿಲ್ಲ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಬರೆಯುವಾಗ ಈಗಲೂ ನನಗೆ ಹೊಟ್ಟೆ ತೊಳಸುತ್ತದೆ.

ಮುಂದೆ ನಮ್ಮದೇ ಸೋನಾರ್ ಬಂತು. ನೌಕಾಪಡೆಯ ಅಧಿಕಾರಿಯಾಗಿದ್ದ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರ ತಂಡ ಕೊಚ್ಚಿಯಲ್ಲಿ ‘ಅಪ್ಸೋ’ ರೂಪಿಸಿತು, 1983ರ ಸುಮಾರಿಗೆ ಅದು ಐಎನ್ಎಸ್ ಹಿಮಗಿರಿಯ ಮೇಲೆ ಕೂತಿತು. ಅದನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನ ಬಿಇಎಲ್. ಇದು ಕನ್ನಡಿಗರಿಗೆ ಗೊತ್ತಿರಬೇಕಾದ ವಿಷಯ.

ಜಲಾಂತರ್ಗಾಮಿ ಬೇಟೆಯ ತರಬೇತಿ ಶಾಲೆಯೂ ಕೊಚ್ಚಿಯಲ್ಲೇ ಇದೆ. ಹುಡುಗನಿಗೆ ಒಂದು ಮಾತು ಹೇಳಿ: ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಕೇಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಲಿ.