ಐರ್ಲೆಂಡ್ ಸೈನ್ಯದ ವರ್ಷದ ಲೆಕ್ಕ ತಾಳೆ ಆಗದಿದ್ದರೆ

ನಿಮ್ಮ ಲೆಕ್ಕದಲ್ಲಿ ಪಿಂಚಣಿ ಬಿಟ್ಟುಹೋಗಿರಬೇಕು. 2025ರ ಬಜೆಟ್‌ನಲ್ಲಿ ರಕ್ಷಣೆಗೆ ಹೇಳಿದ 135 ಕೋಟಿ ಯೂರೋಗೂ ನೀವು ವೋಟ್ 36ರಲ್ಲಿ (ವೋಟ್ ಅಂದರೆ ಅಲ್ಲಿನ ಸಂಸತ್ತು ಒಂದೊಂದು ಬಾಬ್ತಿಗೆ ಮಂಜೂರು ಮಾಡುವ ಹಣ) ನೋಡಿದ ಮೊತ್ತಕ್ಕೂ ತಾಳೆ ಆಗ್ತಿಲ್ಲ ಅಂದಿರಲ್ವಾ, ಅಲ್ಲಿ ದುಡ್ಡು ಎರಡು ಕಡೆ ಇರುತ್ತದೆ: ಸಂಬಳ, ಸಾಮಾನು, ಕಟ್ಟಡ ಎಲ್ಲ ವೋಟ್ 36, ನಿವೃತ್ತರ ಪಿಂಚಣಿ ಮಾತ್ರ ವೋಟ್ 35.

ಮೊದಲು ಎರಡನ್ನೂ ಕೂಡಿಸಿ. ಆಮೇಲೂ ಕಮ್ಮಿ ಬಂದರೆ ಒಟ್ಟು ಮೊತ್ತದ ಬದಲು ನಿವ್ವಳ ಹಿಡಿದಿದ್ದೀರಾ ನೋಡಿ. ಇಲಾಖೆಗೆ ಬೇರೆ ಕಡೆಯಿಂದ ಬರುವ ಹಣ ಕಳೆದು ಉಳಿಯೋದು ನಿವ್ವಳ. ಲೆಬನಾನ್‌ನಂಥ ಕಡೆ ಶಾಂತಿಪಾಲನೆಗೆ ಹೋದ ಪಡೆಗೆ ವಿಶ್ವಸಂಸ್ಥೆ ಕೊಡುವ ಹಣ ಆ ಕಳೆಯುವ ಸಾಲುಗಳಲ್ಲೇ ಇರುತ್ತದೆ, ಕಣ್ಣು ತಪ್ಪೋದು ಸುಲಭ. ನಿಮ್ಮ ಪಟ್ಟಿ ನೋಡದೆ ಇವೆರಡರಲ್ಲಿ ಯಾವುದು ಅಂತ ಖಚಿತವಾಗಿ ಹೇಳಲಾರೆ, ವ್ಯತ್ಯಾಸ ದೊಡ್ಡದಿದ್ದರೆ ಮಾತ್ರ ಪಿಂಚಣಿಯೇ.

ಅಲ್ಲಿನ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮ ಏಪ್ರಿಲ್-ಮಾರ್ಚ್ ಅಲ್ಲ. ಬಂಡವಾಳ ವೆಚ್ಚಕ್ಕೆ ಕೊಟ್ಟದ್ದರಲ್ಲಿ ಶೇ. 10ರವರೆಗೆ ಉಳಿದರೆ ಮುಂದಿನ ವರ್ಷಕ್ಕೆ ಒಯ್ಯಬಹುದು, ಅದನ್ನು ಎರಡು ಸಲ ಎಣಿಸಬೇಡಿ. ವೋಟ್ 36ರಲ್ಲಿ ನೌಕಾಪಡೆ, ವಾಯುಪಡೆಯೂ ಸೇರಿವೆ, ಹಾಗಾಗಿ ಅದನ್ನು ಬರೀ ಭೂಸೇನೆಯ ಖರ್ಚು ಅಂತ ಬರೆಯಬೇಡಿ. ನಿಜವಾಗಿ ಖರ್ಚಾದದ್ದು ಬೇಕಿದ್ದರೆ ಬಜೆಟ್ ಬಿಟ್ಟು, ಅಲ್ಲಿನ ಮಹಾಲೆಕ್ಕಪರಿಶೋಧಕರು ತಪಾಸಣೆ ಮಾಡಿದ ವಾರ್ಷಿಕ ಲೆಕ್ಕಪತ್ರವನ್ನೇ ತೆಗೆಯಿರಿ. ಕೊಟ್ಟದ್ದೆಷ್ಟು, ಖರ್ಚಾದದ್ದೆಷ್ಟು ಅಂತ ಅಕ್ಕಪಕ್ಕದಲ್ಲೇ ಸಿಗುತ್ತದೆ.